ಊರೂ ಸಾಲಿಯೂ

ಬ್ಯಾಡಗಿ, ರಾಣೇಬೆನ್ನೂರು, ಹಾವೇರಿಗಳ ಸೀಮೆಯಲ್ಲಿ ಜನರು ಶಾಲೆಯನ್ನು ‘ಸಾಲಿ’ ಎಂದು ಕರೆಯುತ್ತಾರೆ. ಸಂಸ್ಕೃತದ ‘ಶಾಲಾ’ ಶಬ್ದವು ಹಳ್ಳಿಗರ ನಾಲಗೆಯ ಮೇಲೆ ಉರುಳಿ ನುಣುಪಾಗಿ ಈ ರೂಪವನ್ನು ಪಡೆದಿದೆ. ಶಾಲೆಯೆಂಬುದಕ್ಕೆ ಮೂಲದಲ್ಲಿ ಮನೆ, ಮಂಟಪ, ಮಾಡಿನ ಕೆಳಗಿನ ಸ್ಥಳ ಎಂಬಿಷ್ಟೇ ಅರ್ಥ. ಹಸುಗಳನ್ನು ಕಟ್ಟಿದರೆ ಅದು ಗೋಶಾಲೆ, ಒಲೆಯುರಿದರೆ ಪಾಕಶಾಲೆ, ದಾರಿಗರು ತಂಗಿದರೆ ಧರ್ಮಶಾಲೆ, ಪಾಠ ನಡೆದರೆ ಪಾಠಶಾಲೆ. ಒಳಗೆ ನಡೆಯುವ ಕಾರ್ಯವು ಹೊರಗಿನ ಗೋಡೆಗೆ ಹೆಸರನ್ನು ಕೊಡುತ್ತದೆ. ಇದನ್ನು ಮರೆತವರು ಕಟ್ಟಡವೇಳುತ್ತಲೇ ಶಾಲೆಯಾಯಿತೆಂದು ಹಿಗ್ಗುತ್ತಾರೆ. ಬಣ್ಣ ಬಳಿದೊಡನೆ ವಿದ್ಯೆ ಬಂದಿತೆಂದು ಭಾವಿಸುತ್ತಾರೆ. ಆದರೆ ಹುಡುಗನು ಇಂದು ಏತಕ್ಕೆ ಬರಲಿಲ್ಲ, ಬಂದವನು ಏನನ್ನು ಕಲಿತನು, ಚೆನ್ನಾಗಿ ಕಲಿಯುತ್ತಿದ್ದ ಹುಡುಗಿಯು ಏಳನೆಯ ಇಯತ್ತೆಯ ಆಚೆಗೆ ಎಲ್ಲಿ ಹೋದಳು ಎಂಬುದನ್ನು ಕೇಳತಕ್ಕವರು ಯಾರು? ಇದು ಮಾಸ್ತರರ ಕೆಲಸವೆಂದು ಊರವರೂ, ಊರವರ ಕೆಲಸವೆಂದು ಮಾಸ್ತರರೂ, ಸರಕಾರದ ಕೆಲಸವೆಂದು ಉಭಯತರೂ ತಿಳಿದಿರುವುದು ಅನೇಕ ಕಡೆಗಳಲ್ಲಿ ಕಂಡುಬರುವ ಸಂಗತಿ.

ಬ್ಯಾಡಗಿ ತಾಲೂಕಿನ ಕದರಮಂಡಲಗಿಯು ಕಾಂತೇಶನ ಕ್ಷೇತ್ರವೆಂಬುದು ನಾಡಿಗೆಲ್ಲ ತಿಳಿದ ವಿಷಯ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮಂತದೇವರನ್ನು ಒಂದೇ ದಿನ ಸೂರ್ಯಾಸ್ತದೊಳಗೆ ದರ್ಶಿಸಬೇಕೆಂಬುದು ಭಕ್ತರ ನಂಬಿಕೆ. ಒಂದೇ ಗುಡಿಯಲ್ಲಿ ನಿಂತು ನೂರು ಪ್ರದಕ್ಷಿಣೆ ಮಾಡಿದರೂ ಆ ಯಾತ್ರೆಯು ಮುಗಿದಂತಾಗದು. ಮಗುವಿನ ವಿದ್ಯೆಯೂ ಇಂಥದೇ ಒಂದು ಯಾತ್ರೆ. ಮನೆ, ಸಾಲಿ, ಊರು ಎಂಬ ಮೂರು ಸ್ಥಾನಗಳ ಅನುಗ್ರಹವೂ ಅದಕ್ಕೆ ಬೇಕು. ಅದೂ ಬಾಲ್ಯವೆಂಬ ಹೊತ್ತು ಮುಳುಗುವುದರೊಳಗೆ ಬೇಕು. ಮನೆಯ ಒತ್ತಾಸೆಯಿಲ್ಲದ ಹುಡುಗನನ್ನು ಎಂಥ ಉಪಾಧ್ಯಾಯರೂ ಬಹುದೂರ ಕೊಂಡೊಯ್ಯಲಾರರು. ಮನೆಯೂ ಉಪಾಧ್ಯಾಯರೂ ಒಳ್ಳೆಯವರಾಗಿದ್ದು ಊರು ಉದಾಸೀನವಾಗಿದ್ದರೆ, ಆ ಹುಡುಗನು ಊರಿನ ಕೈಗೆ ಸಿಕ್ಕುವ ಸಂಜೆಯ ಹೊತ್ತಿನಲ್ಲಿ ಬೆಳಗಿನ ಪಾಠವು ಅಳಿಸಿಹೋಗುತ್ತದೆ.

ಹಿಂದಿನ ಕಾಲದ ಪಾಠಶಾಲೆಗಳಲ್ಲಿ ಗುರುಶಿಷ್ಯರಿಬ್ಬರೇ ಇದ್ದರು, ಮೂರನೆಯವರ ಗೊಡವೆ ಇರಲಿಲ್ಲ ಎಂದು ಕೆಲವರು ಹೇಳುವುದುಂಟು. ತೈತ್ತಿರೀಯೋಪನಿಷತ್ತಿನ ಪ್ರಸಿದ್ಧವಾದ ಶಾಂತಿಪಾಠವು ದ್ವಿವಚನದಲ್ಲಿದೆ ಎಂಬುದೇನೋ ನಿಜ. ಗುರುವೂ ಶಿಷ್ಯನೂ ಅಲ್ಲಿ ತಮ್ಮಿಬ್ಬರಿಗಾಗಿ ಒಂದೇ ಬಾಯಿಂದ ಪ್ರಾರ್ಥಿಸುತ್ತಾರೆ. ಆದರೆ ಆ ಇಬ್ಬರ ಹೊಟ್ಟೆಗೆ ಅನ್ನವು ಎಲ್ಲಿಂದ ಬರುತ್ತಿತ್ತೆಂಬುದನ್ನೂ ನೋಡಬೇಕು. ವಾರಾನ್ನದ ಪದ್ಧತಿಯನ್ನು ಹಿರಿಯರು ಬಲ್ಲರು. ಪರಸ್ಥಳದಿಂದ ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳವರು ಏಳು ದಿನಗಳನ್ನು ಹಂಚಿಕೊಂಡು ಉಣಿಸುತ್ತಿದ್ದರು. ಯಾವ ಮನೆಗೂ ಅದು ಹೊರೆಯಾಗುತ್ತಿರಲಿಲ್ಲ. ಹುಡುಗನು ಉಪವಾಸ ಬೀಳುತ್ತಿರಲಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯುವುದು ಕಷ್ಟ. ಮಠಗಳಲ್ಲಿ ದಾಸೋಹದ ರೂಪದಿಂದ ನಡೆದುದೂ ಇದೇ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿದ್ಯಾರ್ಥಿಗಳ ಪ್ರಸಾದನಿಲಯವನ್ನು ನಡೆಯಿಸಿದಾಗ, ಭಕ್ತರು ಕೊಟ್ಟ ಕಾಳುಕಡಿಯೇ ಎಷ್ಟೋ ಹಳ್ಳಿಯ ಹುಡುಗರ ಓದಿಗೆ ಆಧಾರವಾಯಿತು. ೨೦೦೨ನೆಯ ಇಸವಿಯಲ್ಲಿ ಕರ್ನಾಟಕ ಸರಕಾರವು ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಈಶಾನ್ಯದ ಜಿಲ್ಲೆಗಳಿಂದ ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟುದು ಈ ಹಳೆಯ ಋಣದ ಸ್ಮರಣೆಯೇ ಸರಿ.

ಮುಂಬಯಿ ಇಲಾಖೆಯ ಆಡಳಿತಕ್ಕೆ ಸೇರಿದ್ದ ಈ ಸೀಮೆಯಲ್ಲಿ ಸರಕಾರಿ ಸಾಲಿಗಳು ಹುಟ್ಟಿದ್ದೂ ಊರವರ ಪಾಲುಗಾರಿಕೆಯಿಂದಲೇ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಊರವರು ಸ್ಥಳವನ್ನು ಒದಗಿಸಿ ಮಾಸ್ತರನ ಪಗಾರದ ಅರ್ಧವನ್ನು ಹೊತ್ತರೆ ಉಳಿದುದನ್ನು ಸರಕಾರವು ಕೊಡುವ ಕ್ರಮವು ಜಾರಿಯಲ್ಲಿತ್ತು. ೧೮೬೩ರ ಸುಮಾರಿಗೆ ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಪಟ್ಟಿಯನ್ನು ಹಾಕಿ, ಅದರ ಮೂರರಲ್ಲಿ ಒಂದು ಪಾಲನ್ನು ಶಿಕ್ಷಣಕ್ಕೆ ಮೀಸಲಿಟ್ಟರು. ಅಂದಮೇಲೆ ಒಕ್ಕಲಿಗನು ತನ್ನ ಮಗನನ್ನು ಸಾಲಿಗೆ ಕಳಿಸಲಿ ಬಿಡಲಿ, ಸಾಲಿಗೆ ತನ್ನ ಆಣೆಯನ್ನು ಕೊಟ್ಟೇ ಇದ್ದನು. ಆ ಕಾಲದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಹಳ್ಳಿಹಳ್ಳಿಗಳನ್ನು ಸುತ್ತಿ ಕನ್ನಡ ಸಾಲಿಗಳನ್ನು ತೆರೆಯಿಸಿದ ಕಥೆಯು ಪ್ರಸಿದ್ಧವಾಗಿದೆ. ೧೮೮೧ರಲ್ಲಿ ಅವರು ತೀರಿಕೊಂಡರು. ಅಧಿಕಾರಿಯಾಗಿದ್ದೂ ಕನ್ನಡವನ್ನು ತಮ್ಮ ಮನೆಯ ಕೆಲಸವೆಂದು ತಿಳಿದ ಅವರ ಹೆಸರು ಮಾತ್ರ ಈ ಭಾಗದ ಮನೆಮನೆಗಳಲ್ಲಿ ಉಳಿಯಿತು.

ಊರೆಂಬ ಶಬ್ದವನ್ನು ಇಷ್ಟು ಸಲ ಹೇಳಿದ ಮೇಲೆ ಅದರೊಳಗೆ ಯಾರು ಯಾರು ಸೇರುತ್ತಾರೆಂಬುದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ೧೮೫೬ನೆಯ ಇಸವಿಯಲ್ಲಿ ಮಹಾರ ಜಾತಿಯ ಒಬ್ಬ ಹುಡುಗನು ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶವನ್ನು ಬೇಡಿದನು. ಆದರೆ ಅವನಿಗೆ ಪ್ರವೇಶ ದೊರೆಯಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದುಕೊಂಡನು. ಈ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆಯನ್ನು ಬಿಟ್ಟು ಹೋಗುವರೆಂಬ ಅಂಜಿಕೆಯಿಂದ ಸರಕಾರವು ಹಿಂಜರಿಯಿತು. ವಿಷಯವು ಕಲಕತ್ತೆಯವರೆಗೂ, ಸಮುದ್ರದಾಚೆಯ ಲಂಡನ್ನಿನವರೆಗೂ ಹೋಗಿ, ೧೮೫೮ರಲ್ಲಿ, ಕೇವಲ ಸರಕಾರದ ಹಣದಿಂದ ನಡೆಯುವ ಶಾಲೆಗಳು ಸಕಲ ಜಾತಿಗಳ ಮಕ್ಕಳಿಗೂ ತೆರೆದಿರತಕ್ಕವು ಎಂಬ ನಿರ್ಣಯವಾಯಿತು. ಕಾಗದದ ಮೇಲೆ ಬಂದ ಆ ನಿರ್ಣಯವು ಹಳ್ಳಿಯ ಜಗುಲಿಗೆ ಬಂದು ಮುಟ್ಟಲು ಎಷ್ಟು ತಲೆಮಾರುಗಳು ಹಿಡಿದವೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಆ ಹುಡುಗನ ವಿಷಯದಲ್ಲಿ ಊರೇನೋ ಒಟ್ಟಾಗಿಯೇ ಇತ್ತು; ಆದರೆ ಒಟ್ಟಾಗಿದ್ದುದು ಅವನನ್ನು ಹೊರಗಿಡುವುದಕ್ಕೆ. ಆದುದರಿಂದ ಹತ್ತು ಜನ ಕೂಡಿದ ಮಾತ್ರಕ್ಕೆ ಅದು ಸತ್ಕಾರ್ಯವಾಯಿತೆಂದು ಹೇಳಲಾಗದು. ಕೇರಿಯ ಕೊನೆಯ ಮನೆಯ ಹುಡುಗನನ್ನು ಎಣಿಸಿದ ಮೇಲೆಯೇ ಊರಿನ ಎಣಿಕೆಯು ಮುಗಿಯುತ್ತದೆ. ಕನಕದಾಸರ ಕಾಗಿನೆಲೆಯು ಇದೇ ಬ್ಯಾಡಗಿ ತಾಲೂಕಿನಲ್ಲಿದೆ. ಈ ಮಾತನ್ನು ಈ ಸೀಮೆಯವರಿಗೆ ಬೇರೆಯವರು ಬಂದು ಕಲಿಸಬೇಕಾದುದೇನೂ ಇಲ್ಲ.

ಇನ್ನು ದೊಡ್ಡವರು ಕೂಡಿ ಮಾಡಿದ ಕೆಲಸಗಳನ್ನು ನೋಡಬಹುದು. ೧೮೮೩ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಧಾರವಾಡದಲ್ಲಿ ವಿದ್ಯಾರ್ಥಿಗಳ ಸಹಾಯಕ್ಕಾಗಿ ನಿಧಿಯನ್ನು ಕೂಡಿಸಿದರು. ೧೮೯೦ರ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಅದೇ ಪಟ್ಟಣದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ಕಾಲವಾದಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ತಾವು ಆರಂಭಿಸಿದ ಮೊದಲ ಪ್ರೌಢಶಾಲೆಗೆ ಅವರು ಹಿಂದಿನ ತಲೆಮಾರಿನ ಗಿಲಗಂಚಿ, ಅರಟಾಳರ ಹೆಸರುಗಳನ್ನೇ ಇಟ್ಟುದು ಅವರ ವಿನಯಕ್ಕೆ ಸಾಕ್ಷಿ. ಈ ಯತ್ನಗಳಲ್ಲಿ ಕೆಲವು ಒಂದೊಂದು ಸಮಾಜದ ಮಕ್ಕಳಿಗೆಂದು ಮೊದಲಾಗಿ, ಕಾಲಕ್ರಮದಲ್ಲಿ ಎಲ್ಲರಿಗೂ ಬಾಗಿಲನ್ನು ತೆರೆದವು. ಅವೆಲ್ಲವುಗಳಲ್ಲಿಯೂ ಒಂದು ಗುಣವು ಸಮಾನವಾಗಿತ್ತು. ಹಣವುಳ್ಳವರೂ ಮಾತು ನಡೆಯುವವರೂ ಅನ್ಯರ ಮಕ್ಕಳಿಗಾಗಿ ದುಡಿದರು. ತಮ್ಮ ಮನೆಯ ಹುಡುಗನು ಅಲ್ಲಿ ಓದಲಿ ಬಿಡಲಿ, ಅದು ತಮ್ಮ ಸಾಲಿಯೆಂಬ ಮಮತೆಯು ಅವರಿಗಿತ್ತು.

ಸ್ವಾತಂತ್ರ್ಯಾನಂತರದ ದಿನಗಳಲ್ಲಿ ಸಾಲಿಯ ಭಾರವು ಕ್ರಮಕ್ರಮವಾಗಿ ಸರಕಾರದ ತಲೆಯ ಮೇಲೆ ಬಿದ್ದಿತು. ಅದು ಆಗತಕ್ಕದ್ದೇ. ಆದರೆ ಭಾರವನ್ನು ಇಳಿಸಿದವರು ಮಮತೆಯನ್ನೂ ಇಳಿಸಿಬಿಟ್ಟರೆಂಬುದು ಖೇದದ ಸಂಗತಿ. ಇದನ್ನು ಸರಿಪಡಿಸುವುದಕ್ಕೆಂದೇ ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ೨೦೦೧ರಲ್ಲಿ ಕರ್ನಾಟಕ ಸರಕಾರವು ಸಾಲಿ ಸಾಲಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. ಹೆಸರು ಉದ್ದವಾದುದರಿಂದ ಜನರು ಅದನ್ನು ‘ಎಸ್‌ಡಿಎಂಸಿ’ಯೆಂದು ಕತ್ತರಿಸಿ ಹೇಳುತ್ತಾರೆ. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಇಂಥ ಸಮಿತಿಗಳಿಗೆ ರಾಷ್ಟ್ರದ ಮುದ್ರೆಯನ್ನೊತ್ತಿತು. ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನರು ಆ ಸಾಲಿಯ ಮಕ್ಕಳ ತಾಯಿತಂದೆಗಳು ಅಥವಾ ಪಾಲಕರಾಗಿರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು, ಹಿಂದುಳಿದ, ದುರ್ಬಲ ವರ್ಗದವರಿಗೆ ಪ್ರಮಾಣಾನುಸಾರವಾಗಿ ಸ್ಥಾನವಿರಬೇಕು, ಸಾಲಿಯ ಏಳಿಗೆಯ ಯೋಜನೆಯನ್ನು ಆ ಸಮಿತಿಯೇ ಸಿದ್ಧಪಡಿಸಬೇಕು. ಧಾರವಾಡದಲ್ಲಿ ಒಬ್ಬ ಹುಡುಗನನ್ನು ಹೊರಗೆ ನಿಲ್ಲಿಸಿದ ಕಾಲದಿಂದ, ಅಂಥ ಹುಡುಗನ ತಾಯಿಯು ಸಮಿತಿಯ ಕುರ್ಚಿಯಲ್ಲಿ ಹಕ್ಕಿನಿಂದ ಕುಳಿತುಕೊಳ್ಳುವ ಕಾಲದವರೆಗೆ ನಾಡು ನಡೆದು ಬಂದ ದಾರಿಯು ಅಲ್ಪವಾದುದಲ್ಲ.

ಆದರೆ ಇಲ್ಲಿಯೇ ಒಂದು ತೊಡಕು ಹುಟ್ಟಿಕೊಂಡಿದೆ. ಹಳ್ಳಿಗಳ ಅನುಕೂಲಸ್ಥರು ತಮ್ಮ ಮಕ್ಕಳನ್ನು ಬೆಳಗಾಗುತ್ತಲೇ ಹಳದಿ ಬಣ್ಣದ ಮೋಟಾರುಗಳಲ್ಲಿ ಕೂರಿಸಿ ಪಟ್ಟಣದ ಇಂಗ್ಲೀಷು ಶಾಲೆಗಳಿಗೆ ಕಳಿಸುತ್ತಾರೆ. ಅದು ಅವರವರ ಇಷ್ಟ. ತಪ್ಪೆಂದು ಹೇಳುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಆದರೆ ಅದರ ಪರಿಣಾಮವನ್ನು ನೋಡಬೇಕು. ಊರ ಸಾಲಿಯಲ್ಲಿ ಉಳಿದವರು ಹೆಚ್ಚಾಗಿ ಕೂಲಿಕಾರರ, ಸಣ್ಣ ಒಕ್ಕಲಿಗರ ಮಕ್ಕಳು. ಸಮಿತಿಯಲ್ಲಿ ಬರುವವರೂ ಅವರೇ. ತಾಲೂಕಿನ ಕಚೇರಿಯಲ್ಲಿ ಮಾತು ನಡೆಯುವವರ ಮಕ್ಕಳು ಈ ಸಾಲಿಯಲ್ಲಿಲ್ಲ. ಈ ಸಾಲಿಯಲ್ಲಿ ಮಕ್ಕಳಿರುವವರ ಮಾತು ಅಲ್ಲಿ ನಡೆಯುವುದು ದುರ್ಲಭ. ಕಾಳಜಿಯು ಒಂದು ಕಡೆ, ಬಲವು ಇನ್ನೊಂದು ಕಡೆ ಆಗಿಬಿಟ್ಟಿದೆ. ಎತ್ತುಗಳೊಂದು ಊರಲ್ಲಿ, ನೊಗವೊಂದು ಊರಲ್ಲಿ ಇದ್ದರೆ ಬಿತ್ತನೆ ನಡೆಯುವುದೆಂತು? ಕಾಯಿದೆಯು ಕುರ್ಚಿಯನ್ನು ಕೊಡಬಹುದು. ಕುರ್ಚಿಯಲ್ಲಿ ಕುಳಿತವಳ ಮಾತಿಗೆ ಕಿವಿಯನ್ನು ಊರೇ ಕೊಡಬೇಕು.

ಇದು ಎಷ್ಟು ಮಹತ್ವದ ಮಾತೆಂಬುದು ಮೆಣಸಿನಕಾಯಿಯ ಸುಗ್ಗಿಯಲ್ಲಿ ತಿಳಿಯುತ್ತದೆ. ಬ್ಯಾಡಗಿಯ ಕಾಯಿಯು ಬಣ್ಣಕ್ಕೆ ಲೋಕಪ್ರಸಿದ್ಧ; ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಡಬ್ಬಿ, ಕಡ್ಡಿ ಎಂಬ ಅದರ ಎರಡು ಜಾತಿಗಳನ್ನು ಈ ಭಾಗದ ಮಕ್ಕಳು ಅಕ್ಷರಾಭ್ಯಾಸಕ್ಕೂ ಮುಂಚೆಯೇ ಬಲ್ಲರು. ಬಿಡಿಸುವುದು, ಒಣಗಿಸುವುದು, ಆರಿಸುವುದು, ತೊಟ್ಟು ತೆಗೆಯುವುದು, ಚೀಲ ತುಂಬುವುದು, ಈ ಕೆಲಸಗಳಲ್ಲಿ ಬಹುಪಾಲು ಹೆಂಗಸರ ಕೈಯಿಂದ ನಡೆಯತಕ್ಕವು. ಕಾಯಿ ಕೆಂಪಗಾಗಿ ಪೇಟೆಯು ತುಂಬುವ ಜನವರಿಯಿಂದ ಮಾರ್ಚಿಯವರೆಗಿನ ತಿಂಗಳುಗಳೇ ಸಾಲಿಯಲ್ಲಿ ವರ್ಷದ ಪಾಠಗಳು ಮುಗಿದು ಪರೀಕ್ಷೆಗಳು ಬರುವ ತಿಂಗಳುಗಳು. ತಾಯಿಯು ಕೂಲಿಗೆ ಹೋದರೆ ಚಿಕ್ಕ ಕೂಸನ್ನು ಹಿಡಿಯತಕ್ಕವರು ಯಾರು? ಮನೆಯ ಹಿರಿಯ ಹುಡುಗಿ. ಹೀಗೆ ತಾಯಿಯ ಒಂದು ದಿನದ ಕೂಲಿಗೆ ಮಗಳ ಒಂದು ದಿನದ ಪಾಠವು ಬೆಲೆಯಾಗಿ ಸಲ್ಲುತ್ತದೆ. ಹತ್ತು ದಿನ ತಪ್ಪಿದರೆ ಗಣಿತವು ಕೈಬಿಡುತ್ತದೆ. ಗಣಿತವು ಕೈಬಿಟ್ಟರೆ ನಾಚಿಕೆಯು ಹುಟ್ಟುತ್ತದೆ. ನಾಚಿಕೆಯು ಬಲಿತರೆ ಸಾಲಿಯೇ ಬೇಡವಾಗುತ್ತದೆ. ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗೆ ಮಾತ್ರ ಮಗುವಿನ ಕೈ ಹಿಡಿಯುವಂಥದು. ಅದು ಕೈ ಬಿಡುವ ವಯಸ್ಸಿನಲ್ಲಿಯೇ ಹುಡುಗಿಯರ ವಿಷಯದಲ್ಲಿ ಮನೆಯವರ ಯೋಚನೆಯೂ ಬೇರೆ ದಿಕ್ಕಿಗೆ ತಿರುಗುತ್ತದೆ.

ಕದರಮಂಡಲಗಿಯಂಥ ಒಂದು ಊರಿನಲ್ಲಿ ಇಂಥ ಸುಗ್ಗಿಯ ಕಾಲದಲ್ಲಿ ಸಮಿತಿಯ ಸಭೆಯು ನೆರೆದಿದೆಯೆಂದು ವಾಚಕರು ಭಾವಿಸಿಕೊಳ್ಳಬಹುದು. ಊರಿನ ಹಿರಿಯ ಗೌಡರೊಬ್ಬರು, ತಮ್ಮ ಮೊಮ್ಮಕ್ಕಳು ಅಲ್ಲಿ ಓದದಿದ್ದರೂ, ಕರೆಯಿಸಿಕೊಂಡು ಬಂದು ಕುಳಿತಿದ್ದಾರೆ. ಮುಖ್ಯ ಮಾಸ್ತರರು ಹಾಜರಿ ಪುಸ್ತಕವನ್ನು ಓದುತ್ತಾರೆ. ಗೌಡರು ಒಬ್ಬ ತಾಯಿಯ ಕಡೆಗೆ ತಿರುಗುತ್ತಾರೆ.

“ಯವ್ವಾ ತಂಗಿ, ನಿನ್ನ ಹುಡುಗಿ ಎಂಟು ದಿವಸ ಆತು ಸಾಲಿಗೆ ಬಂದಿಲ್ಲಂತಲ್ಲ. ಆರಾಮ ಐತಿಲ್ಲ?”

“ಆರಾಮ ಐತ್ರೀ ಗೌಡ್ರ. ನಾನು ಕಾಯಿ ಬಿಡಸಾಕ ಹೊಕ್ಕೀನಿ. ಸಣ್ಣ ಕೂಸು ಹಿಡಿಯಾಕ ಮನ್ಯಾಗ ಮತ್ಯಾರೂ ಇಲ್ರಿ.”

ಇಷ್ಟೇ ಮಾತು. ಆದರೆ ಈ ಮಾತನ್ನು ಮಾಸ್ತರರೊಬ್ಬರೇ ಕೇಳಿದ್ದರೆ ಉತ್ತರವು ಅಲ್ಲಿಗೇ ನಿಲ್ಲುತ್ತಿತ್ತು. ಅವರ ಬಳಿ ಕೂಸನ್ನು ಹಿಡಿಯುವ ಉಪಾಯವಿಲ್ಲ. ಸಭೆಯಲ್ಲಿ ಕೇಳಿದುದರಿಂದ ಉಪಾಯಗಳು ಒಂದೊಂದಾಗಿ ಹೊರಡುತ್ತವೆ. ಅಂಗನವಾಡಿಯ ಬಾಯಿಯವರು ಕೂಸನ್ನು ತಮ್ಮಲ್ಲಿ ಬಿಡಲು ಹೇಳುತ್ತಾರೆ. ಓಣಿಯ ಮುದುಕಿಯೊಬ್ಬಳು ಸಂಜೆಯವರೆಗೆ ನೋಡಿಕೊಳ್ಳಲು ಒಪ್ಪುತ್ತಾಳೆ. ಆ ತಾಯಿಯು ದುಡಿಯುವ ಹೊಲವು ಗೌಡರ ಬೀಗರದೇ ಆಗಿದ್ದರೆ, ಅವಳು ಅರ್ಧ ತಾಸು ತಡವಾಗಿ ಬಂದರೂ ಕೂಲಿ ಮುರಿಯಬಾರದೆಂದು ಹೇಳುವ ಭಾರವನ್ನು ಗೌಡರು ಹೊರುತ್ತಾರೆ. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ, ಮೇಲಿನ ಹುಕುಮು ಬೇಕಾಗಿಲ್ಲ. ಗೌಡರು ಕೇಳಿದರೆಂಬುದೂ, ತಾಯಿಯು ಅಂಜದೆ ಹೇಳಿದಳೆಂಬುದೂ ಸಾಕಾಯಿತು. ಮುಂದಾಳುತನವೆಂದರೆ ಹಾರವನ್ನು ಹಾಕಿಸಿಕೊಳ್ಳುವುದೆಂದು ಸಾಮಾನ್ಯವಾದ ತಿಳಿವಳಿಕೆ. ಅದರ ನಿಜವಾದ ಸ್ವರೂಪವು ಈ ಎಂಟು ದಿನಗಳ ಲೆಕ್ಕವನ್ನು ಕೇಳುವುದರಲ್ಲಿದೆ.

ಇದು ಹಳ್ಳಿಯ ಸಣ್ಣ ಮಾತೆಂದು ಯಾರೂ ತಳ್ಳಿಹಾಕದಿರಲೆಂದು ಬಹುದೂರದ ಒಂದು ನಿದರ್ಶನವನ್ನು ಕೊಡಬಹುದು. ಕೆನಡಾ ದೇಶದ ಮೂಲನಿವಾಸಿಗಳಲ್ಲಿ ಕ್ರೀ ಎಂಬ ಜನಾಂಗವು ದೊಡ್ಡದು. ನೂರಕ್ಕೂ ಹೆಚ್ಚು ವರ್ಷ ಆ ದೇಶದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ, ಮತಪ್ರಚಾರಕರು ನಡೆಯಿಸುತ್ತಿದ್ದ ದೂರದ ವಸತಿಶಾಲೆಗಳಲ್ಲಿಟ್ಟು, ತಾಯ್ನುಡಿಯನ್ನಾಡಿದರೆ ಶಿಕ್ಷಿಸುತ್ತಿದ್ದರು. ಅಲ್ಲಿ ಶಾಲೆಯಿತ್ತು, ಮಾಸ್ತರರಿದ್ದರು, ಸರಕಾರದ ಹಣವೂ ಇತ್ತು. ಮನೆಯನ್ನೂ ಊರನ್ನೂ ಮಾತ್ರ ಬೇಕೆಂದೇ ಹೊರಗಿಟ್ಟಿದ್ದರು. ಅದರ ಫಲವು ಎಂಥ ದುಃಖವಾಯಿತೆಂಬುದಕ್ಕೆ, ೨೦೦೮ರಲ್ಲಿ ಆ ದೇಶದ ಪ್ರಧಾನಿಯು ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆಯನ್ನು ಬೇಡಬೇಕಾದುದೇ ಪ್ರಮಾಣ. ಆ ಕ್ರೀ ಜನರೇ ಶಾಲೆಯನ್ನು ಮರಳಿ ತಮ್ಮ ಕೈಗೆ ತಂದುಕೊಂಡ ಬಗೆಯು ತಿಳಿಯತಕ್ಕದ್ದಾಗಿದೆ. ಕ್ವಿಬೆಕ್ ಪ್ರಾಂತದ ಉತ್ತರಭಾಗದ ಕ್ರೀಗಳು, ತಮ್ಮ ನದಿಗಳಿಗೆ ಅಣೆಕಟ್ಟು ಬಂದಾಗ ಹೋರಾಡಿ, ೧೯೭೫ರ ಒಪ್ಪಂದದಲ್ಲಿ ತಮ್ಮದೇ ಶಿಕ್ಷಣ ಮಂಡಲಿಯ ಹಕ್ಕನ್ನು ಬರೆಯಿಸಿಕೊಂಡರು. ಆಲ್ಬರ್ಟಾ ಪ್ರಾಂತದಲ್ಲಿ ಮಸ್ಕ್ವಾಚೀಸ್ ಎಂಬ ಸ್ಥಳವಿದೆ. ಅವರ ನುಡಿಯಲ್ಲಿ ಅದಕ್ಕೆ ‘ಕರಡಿಗುಡ್ಡ’ಗಳೆಂದು ಅರ್ಥ. ಹಿಂದೆ ಅಲ್ಲಿಯೇ ಒಂದು ದೊಡ್ಡ ವಸತಿಶಾಲೆಯಿತ್ತು. ೨೦೨೨ರಲ್ಲಿ ಪೋಪ್ ಫ್ರಾನ್ಸಿಸರು ಅಲ್ಲಿಗೇ ಹೋಗಿ ಕ್ಷಮೆಯನ್ನು ಯಾಚಿಸಿದರು. ಆದರೆ ಅಲ್ಲಿಯ ಜನರು ಕ್ಷಮೆಯ ದಾರಿಯನ್ನು ಕಾಯುತ್ತ ಕುಳಿತಿರಲಿಲ್ಲ. ಎರ್ಮಿನ್‌ಸ್ಕಿನ್, ಸ್ಯಾಮ್ಸನ್, ಲೂಯಿ ಬುಲ್, ಮೊಂಟಾನಾ ಎಂಬ ನಾಲ್ಕು ಪಂಗಡಗಳವರು ಅದಕ್ಕೆ ಮೊದಲೇ, ೨೦೧೮ರಲ್ಲಿ, ಬೇರೆ ಬೇರೆಯಾಗಿ ನಡೆಯುತ್ತಿದ್ದ ತಮ್ಮ ಶಾಲೆಗಳನ್ನು ಒಂದೇ ಆಡಳಿತದ ಕೆಳಗೆ ತಂದಿದ್ದರು. ಪ್ರತಿಯೊಂದು ಪಂಗಡವೂ ತನ್ನ ಶಾಲೆಯ ಯಜಮಾನಿಕೆಯನ್ನು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿತು. ಮಕ್ಕಳಿಗೆ ಕ್ರೀ ನುಡಿಯನ್ನೂ ಕ್ರೀ ನಡೆಯನ್ನೂ ಕಲಿಸುವ ಬಲವು ಎಲ್ಲರಿಗೂ ಬಂದಿತು.

ಈ ದೃಷ್ಟಾಂತದಿಂದ ಹೊರಡುವ ಪಾಠವು ಹಾವೇರಿಯ ಸೀಮೆಗೂ ಸಲ್ಲತಕ್ಕದ್ದು. ಕೂಡುವುದೆಂದರೆ ಪ್ರತಿಯೊಬ್ಬನೂ ಏನನ್ನಾದರೂ ಬಿಟ್ಟುಕೊಡುವುದು. ಗೌಡರು ಮೇಲಿನ ಕುರ್ಚಿಯನ್ನು ಬಿಡಬೇಕು, ಮಾಸ್ತರರು ತಮಗೊಬ್ಬರಿಗೇ ತಿಳಿದಿದೆಯೆಂಬ ಭಾವನೆಯನ್ನು ಬಿಡಬೇಕು, ಪಾಲಕರು ತಮಗೇನೂ ತಿಳಿಯದೆಂಬ ಅಂಜಿಕೆಯನ್ನು ಬಿಡಬೇಕು. ಈ ಮೂರರಲ್ಲಿ ಕಡೆಯದೇ ಎಲ್ಲಕ್ಕಿಂತ ಕಠಿಣವೆಂದು ತೋರುತ್ತದೆ. ತಲೆಮಾರುಗಳಿಂದ ಸಾಲಿಯ ಹೊಸ್ತಿಲಲ್ಲಿ ಕೈಕಟ್ಟಿ ನಿಂತವಳು ಒಂದು ಕಾಯಿದೆಯ ಬಲದಿಂದ ಒಂದೇ ದಿನದಲ್ಲಿ ಬಾಯಿ ತೆರೆಯಲಾರಳು. ಅವಳಿಗೆ ಸಹಿಯ ಸ್ಥಳವನ್ನು ತೋರಿಸಿ ಕಳಿಸಿಬಿಟ್ಟರೆ ಕಾಗದದ ಮೇಲೆ ಸಭೆಯು ಪೂರ್ಣವಾದೀತು, ಅವಳ ಮಗಳ ಎಂಟು ದಿನಗಳ ಸುದ್ದಿಯು ಅವಳ ಸೆರಗಿನಲ್ಲಿಯೇ ಉಳಿದೀತು. ಅವಳನ್ನು ಮೊದಲು ಮಾತನಾಡಿಸಿ, ಸಾವಕಾಶವಾಗಿ ಕೇಳಿ, ಹೇಳಿದುದನ್ನು ಅವಳೆದುರಿಗೇ ಬರೆದುಕೊಂಡು, ಮುಂದಿನ ತಿಂಗಳು ಅದರ ಗತಿಯೇನಾಯಿತೆಂದು ಅವಳಿಗೇ ಹೇಳಬೇಕು. ಹೀಗೆ ಒಂದು ವರ್ಷ ನಡೆದರೆ ಅವಳು ತಾನಾಗಿಯೇ ಇನ್ನೊಬ್ಬಳ ಮಗಳ ವಿಷಯವನ್ನು ಕೇಳುವಳು.

ಸಮಿತಿಗಳ ಸಭೆಗಳಲ್ಲಿ ಕಂಪೌಂಡು ಗೋಡೆ, ಗೇಟು, ನೀರಿನ ಟಾಕಿ, ಧ್ವಜದ ಕಟ್ಟೆ ಇವುಗಳ ವಿಚಾರವು ಬೇಕಾದಷ್ಟು ನಡೆಯುತ್ತದೆ. ಅವೂ ಬೇಕಾದವುಗಳೇ. ಆದರೆ ಅವುಗಳಿಗೆ ಮೊದಲು ಹಾಜರಿ ಪುಸ್ತಕವನ್ನು ತೆರೆದು, ಆ ತಿಂಗಳಲ್ಲಿ ಯಾರ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬಿದ್ದಿವೆಯೋ ಅವರ ಹೆಸರನ್ನು ಗಟ್ಟಿಯಾಗಿ ಓದಿ, ಪ್ರತಿಯೊಂದು ಹೆಸರಿಗೂ ಅಲ್ಲಿರುವವರಲ್ಲಿ ಒಬ್ಬರು ‘ಆ ಮನೆಗೆ ನಾ ಹೋಗಿ ಬರ್ತೀನಿ’ ಎಂದು ಒಪ್ಪಿಕೊಳ್ಳುವುದು ಒಳ್ಳಿತ್ತು. ಇದಕ್ಕೆ ತಾಸಿನಲ್ಲಿ ಕಾಲು ಭಾಗವೂ ಹಿಡಿಯಲಾರದು. ಹಾಗೆ ಹೋದವರು ಆ ಮನೆಯ ಬಾಗಿಲಲ್ಲಿ ನಿಂತಾಗ, ಅಂಗಳದಲ್ಲಿ ಕೆಂಪು ಕಾಯಿಗಳನ್ನು ಹರವಿದ ತಟ್ಟಿನ ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಹುಡುಗಿಯು, ತನ್ನ ಗೈರುಹಾಜರಿಯು ಊರಿಗೆ ಕಂಡಿತೆಂಬುದನ್ನು ತಿಳಿಯುವಳು. ಅವಳನ್ನು ಸಾಲಿಗೆ ಮರಳಿ ತರುವುದಕ್ಕೆ ಮೊದಲ ಹೆಜ್ಜೆಯು ಅದೇ.